ಎತ್ತಿಗೆ ಜ್ವರ, ಎಮ್ಮೆಗೆ ಬರೆ: 64 ಬಿಟ್ ಸರ್ವರೋ, ಅಪ್ಲಿಕೇಶನ್ ವರ್ಚುವಲೈಸೇಶನ್ನೋ?

ಸರ್ವರ್ ನಿಧಾನವಾಗಿದೆ ಎಂಬ ದೂರು ಹೆಚ್ಚಾದಾಗ ಕಚೇರಿಯಲ್ಲಿ ಸಭೆ ಕರೆಯುತ್ತಾರೆ. ಅಲ್ಲಿ ಒಬ್ಬರು, "ಹಳೇ 32 ಬಿಟ್ ಸರ್ವರುಗಳನ್ನು ತೆಗೆದು 64 ಬಿಟ್‌ಗೆ ಹೋಗೋಣ" ಅನ್ನುತ್ತಾರೆ. ಇನ್ನೊಬ್ಬರು, "ಅಷ್ಟು ಖರ್ಚು ಯಾಕೆ, ಅಪ್ಲಿಕೇಶನ್‌ಗಳನ್ನು ವರ್ಚುವಲೈಸ್ ಮಾಡಿದರೆ, ಅಂದರೆ ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಪ್ಯಾಕೇಜಿನಲ್ಲಿ ಕಟ್ಟಿದರೆ, ಇರುವ ಸರ್ವರುಗಳಲ್ಲೇ ನಡೆಯುತ್ತದೆ" ಅನ್ನುತ್ತಾರೆ. ಎರಡಕ್ಕೂ ಕೊಟೇಶನ್ ತರಿಸಿ ಯಾವುದು ಅಗ್ಗವೋ ಅದಕ್ಕೆ ಸಹಿ ಹಾಕುವುದೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುವುದು ಇಲ್ಲೇ. ಈ ಎರಡು ಮದ್ದು ಎರಡು ಬೇರೆ ಬೇರೆ ರೋಗಕ್ಕೆ. ರೋಗ ಯಾವುದೆಂದು ನೋಡದೆ ಬೆಲೆ ಹೋಲಿಸಿ ಪ್ರಯೋಜನವಿಲ್ಲ.

ನಾವು ಮಾತಾಡುತ್ತಿರುವುದು ಟರ್ಮಿನಲ್ ಸರ್ವರ್ ಬಗ್ಗೆ. ಈಗ ಅದರ ಹೆಸರು ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್. ಒಂದೇ ವಿಂಡೋಸ್ ಸರ್ವರಿಗೆ ನಲವತ್ತೈವತ್ತು ಜನ ಲಾಗಿನ್ ಆಗಿ, ಎಲ್ಲರೂ ಅಲ್ಲೇ ವರ್ಡ್, ಲೆಕ್ಕಪತ್ರದ ತಂತ್ರಾಂಶ, ಬ್ರೌಸರ್ ತೆರೆದು ಕೆಲಸ ಮಾಡುವ ಏರ್ಪಾಡು ಅದು. 32 ಬಿಟ್‌ನಲ್ಲೂ ಸಿಕ್ಕ ಕೊನೆಯ ಆವೃತ್ತಿ ವಿಂಡೋಸ್ ಸರ್ವರ್ 2008. 2009ರಲ್ಲಿ ಬಂದ 2008 ಆರ್2ರಿಂದ ಈಚೆಗೆ ಎಲ್ಲವೂ 64 ಬಿಟ್. 2008ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಆದರೂ ಯಾವುದೋ ಒಂದು ಹಳೆಯ ಪ್ರೋಗ್ರಾಮಿಗಾಗಿ ಇಂಥ ಸರ್ವರನ್ನು ಉಳಿಸಿಕೊಂಡ ಕಡೆಗಳಲ್ಲಿ ಈ ಪ್ರಶ್ನೆ ಇನ್ನೂ ಜೀವಂತ.

ಉಗ್ರಾಣ ದೊಡ್ಡದು, ಅಡುಗೆಮನೆ ಅಷ್ಟೇ

32 ಬಿಟ್ ವಿಳಾಸದಲ್ಲಿ ತೋರಿಸಲು ಆಗುವುದು 4 ಜಿಬಿ ಮಾತ್ರ. ವಿಂಡೋಸ್ ಇದನ್ನು ಸಮಪಾಲು ಮಾಡುತ್ತದೆ: 2 ಜಿಬಿ ಆಯಾ ಪ್ರೋಗ್ರಾಮಿಗೆ, 2 ಜಿಬಿ ವಿಂಡೋಸಿನ ತಿರುಳಾದ ಕರ್ನಲ್‌ಗೆ. ಪ್ರತಿ ಪ್ರೋಗ್ರಾಮಿಗೂ ತನ್ನದೇ 2 ಜಿಬಿ ಸಿಗುವುದರಿಂದ ಆ ಕಡೆ ತೊಂದರೆ ಕಡಿಮೆ. ಕರ್ನಲ್‌ನ 2 ಜಿಬಿ ಮಾತ್ರ ಎಲ್ಲ ಬಳಕೆದಾರರಿಗೂ ಸೇರಿ ಒಂದೇ. ಮದುವೆ ಛತ್ರಕ್ಕೆ ಹೋಲಿಸಿ ನೋಡಿ. ಪಂಕ್ತಿ ಎಷ್ಟು ಬೇಕಾದರೂ ಹಾಕಬಹುದು, ಅಡುಗೆಮನೆ ಒಂದೇ.

"ರ್‍ಯಾಮ್ ಹಾಕಿಸಿದರಾಯಿತಲ್ಲ" ಎಂದು ಕೇಳುವವರಿದ್ದಾರೆ. ಪಿಎಇ ಎಂಬ ಸೌಲಭ್ಯದಿಂದ ಸರ್ವರ್ 2003 ಎಂಟರ್‌ಪ್ರೈಸ್‌ನ 32 ಬಿಟ್ ಆವೃತ್ತಿಯಲ್ಲೂ 64 ಜಿಬಿವರೆಗೆ ರ್‍ಯಾಮ್ ಹಾಕಬಹುದಿತ್ತು. ಆದರೆ ಅದು ಉಗ್ರಾಣವನ್ನು ಹಿಗ್ಗಿಸಿದಂತೆ. ಅಡುಗೆಮನೆ ಹಳೆಯದೇ. ಅಷ್ಟೇ ಅಲ್ಲ, ಉಗ್ರಾಣ ಹಿಗ್ಗಿದಷ್ಟೂ ಅಡುಗೆಮನೆ ಕುಗ್ಗುತ್ತದೆ. ರ್‍ಯಾಮಿನ ಪ್ರತಿ 4 ಕೆಬಿ ಪುಟಕ್ಕೂ ಕರ್ನಲ್ ಸುಮಾರು 28 ಬೈಟಿನ ಒಂದು ದಾಖಲೆ ಇಟ್ಟುಕೊಳ್ಳಬೇಕು. 16 ಜಿಬಿ ಎಂದರೆ ಸುಮಾರು 42 ಲಕ್ಷ ಪುಟ. ಆ ಲೆಕ್ಕದ ಪುಸ್ತಕವೇ 112 ಎಂಬಿ. ಅದೂ ಅದೇ 2 ಜಿಬಿ ಒಳಗಿನಿಂದ ಹೋಗಬೇಕು.

ಉಳಿದ ಜಾಗಕ್ಕೆ ಮೂರು ಮುಖ್ಯ ವಾರಸುದಾರರು. ಮೊದಲನೆಯದು ಪೇಜ್ಡ್ ಪೂಲ್, ಅಂದರೆ ಬೇಕಾದಾಗ ಡಿಸ್ಕಿಗೆ ಸರಿಸಬಹುದಾದ ಕರ್ನಲ್ ಮೆಮೊರಿ. 32 ಬಿಟ್ ಸರ್ವರ್ 2003ರಲ್ಲಿ ಇದು ಸಾಮಾನ್ಯವಾಗಿ 470 ಎಂಬಿ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಎರಡನೆಯದು ಡಿಸ್ಕಿಗೆ ಸರಿಸಲಾಗದ ನಾನ್‌ಪೇಜ್ಡ್ ಪೂಲ್, ಗರಿಷ್ಠ 256 ಎಂಬಿ. ಮೂರನೆಯದು ಸಿಸ್ಟಮ್ ಪಿಟಿಇಗಳು, ಅಂದರೆ ಮೆಮೊರಿಯ ಪುಟ ಎಲ್ಲಿದೆ ಎಂದು ತೋರಿಸುವ ನಮೂದುಗಳು; ಥ್ರೆಡ್‌ಗಳ (ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳ) ಕರ್ನಲ್ ಸ್ಟ್ಯಾಕ್ ಕೂತುಕೊಳ್ಳುವುದು ಇಲ್ಲಿ. 32 ಬಿಟ್‌ನಲ್ಲಿ ಒಂದು ಥ್ರೆಡ್ಡಿಗೆ ಕನಿಷ್ಠ 12 ಕೆಬಿ ಸ್ಟ್ಯಾಕ್. 50 ಬಳಕೆದಾರರು, ತಲಾ 15 ಪ್ರೋಸೆಸ್, ಪ್ರತಿಯೊಂದರಲ್ಲಿ 8 ಥ್ರೆಡ್ ಎಂದುಕೊಂಡರೆ 6000 ಥ್ರೆಡ್. ಬರೀ ಸ್ಟ್ಯಾಕ್‌ಗೇ 70 ಎಂಬಿ. ಇನ್ನು ಪ್ರತಿ ಲಾಗಿನ್‌ಗೂ ತೆರೆದುಕೊಳ್ಳುವ ಫೈಲ್ ಹ್ಯಾಂಡಲ್‌ಗಳು (ತೆರೆದ ಫೈಲಿನ ಗುರುತುಗಳು), ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರ), ಪ್ರಿಂಟರ್ ಸಂಪರ್ಕ ಎಲ್ಲ ಬೇರೆ.

ಈ ಜಾಗ ಮುಗಿದಾಗ ಕಾಣುವ ಲಕ್ಷಣ ವಿಚಿತ್ರ. ಸಿಪಿಯು 30 ಶೇಕಡಾ, ರ್‍ಯಾಮ್ ಅರ್ಧ ಖಾಲಿ. ಆದರೆ ನಲವತ್ತೊಂದನೆಯವರು ಲಾಗಿನ್ ಆಗಲು ಹೋದರೆ ಸಿಸ್ಟಮ್ ಸಂಪನ್ಮೂಲ ಸಾಲದು ಎಂಬ ಸಂದೇಶ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಇವೆಂಟ್ ಲಾಗ್‌ನಲ್ಲಿ 2019 ಎಂಬ ಸಂಕೇತಸಂಖ್ಯೆ ಬಿದ್ದಿದ್ದರೆ ನಾನ್‌ಪೇಜ್ಡ್ ಪೂಲ್ ಖಾಲಿ, 2020 ಬಿದ್ದಿದ್ದರೆ ಪೇಜ್ಡ್ ಪೂಲ್ ಖಾಲಿ. ಈ ಎರಡು ಸಂಖ್ಯೆ ಕಂಡ ಮೇಲೆ ಅಪ್ಲಿಕೇಶನ್ ವರ್ಚುವಲೈಸೇಶನ್ ಮಾತೇ ಬೇಡ. ಪ್ರೋಗ್ರಾಮನ್ನು ಪ್ಯಾಕೇಜಿನಲ್ಲಿ ಕಟ್ಟಿದರೂ ಅದು ಅದೇ ಕರ್ನಲ್ ಮೇಲೆಯೇ ಓಡಬೇಕು. ಅಷ್ಟೇ ಥ್ರೆಡ್, ಅಷ್ಟೇ ಹ್ಯಾಂಡಲ್.

ಬೂಟ್.ಐಎನ್‌ಐ ಫೈಲಿನಲ್ಲಿ 3ಜಿಬಿ ಸ್ವಿಚ್ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಟರ್ಮಿನಲ್ ಸರ್ವರ್ ಮಟ್ಟಿಗೆ ಅದನ್ನು ಮುಟ್ಟಲೇಬೇಡಿ. ಅದು ಕರ್ನಲ್ ಪಾಲನ್ನು 1 ಜಿಬಿಗೆ ಇಳಿಸುತ್ತದೆ. ಒಂದೇ ದೊಡ್ಡ ಪ್ರೋಸೆಸ್ ಓಡುವ ಡೇಟಾಬೇಸ್ ಸರ್ವರಿಗೆ ಇದ್ದ ಉಪಾಯ ಅದು. ಜನ ತುಂಬಿದ ಸರ್ವರಿಗೆ ಕುತ್ತು.

64 ಬಿಟ್‌ನಲ್ಲಿ ಚಿತ್ರವೇ ಬೇರೆ. 2005ರಲ್ಲಿ ಬಂದ ಸರ್ವರ್ 2003 ಎಕ್ಸ್64 ಆವೃತ್ತಿಯಲ್ಲೇ ಪೇಜ್ಡ್ ಪೂಲ್ ಮಿತಿ 128 ಜಿಬಿ, ಸಿಸ್ಟಮ್ ಪಿಟಿಇ ಮಿತಿಯೂ 128 ಜಿಬಿ. ಕರ್ನಲ್ ಗೋಡೆ ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ಹಾಗೆಂದು ಬಿಟ್ಟಿ ಏನಲ್ಲ. ಪಾಯಿಂಟರ್ 4 ಬೈಟಿನಿಂದ 8 ಬೈಟಿಗೆ, ಕರ್ನಲ್ ಸ್ಟ್ಯಾಕ್ 12ರಿಂದ 24 ಕೆಬಿಗೆ ಏರುತ್ತದೆ. ಅದೇ ಜನ, ಅದೇ ಕೆಲಸಕ್ಕೆ ಒಂದೂವರೆಯಿಂದ ಎರಡು ಪಟ್ಟು ರ್‍ಯಾಮ್ ಇಟ್ಟುಕೊಂಡೇ ಲೆಕ್ಕ ಹಾಕಬೇಕು. 4 ಜಿಬಿ ರ್‍ಯಾಮ್ ಇರುವ ಸರ್ವರಿಗೆ 64 ಬಿಟ್ ವಿಂಡೋಸ್ ಹಾಕಿ ಸುಮ್ಮನಾದರೆ ಮೊದಲಿಗಿಂತ ಕಡಿಮೆ ಜನ ಹಿಡಿಯುತ್ತಾರೆ.

ಜಗಳಗಂಟ ಅಪ್ಲಿಕೇಶನ್‌ಗಳು

ಈಗ ಎರಡನೇ ರೋಗ. ಹಾಜರಾತಿ ತಂತ್ರಾಂಶಕ್ಕೆ ಜಾವಾದ ಒಂದು ಆವೃತ್ತಿ, ಟೆಂಡರ್ ತಂತ್ರಾಂಶಕ್ಕೆ ಇನ್ನೊಂದು. ಒಂದಕ್ಕೆ ಆರಕಲ್ ಕ್ಲೈಂಟ್ 9, ಮತ್ತೊಂದಕ್ಕೆ 11. ಒಂದು ಇನ್‌ಸ್ಟಾಲರ್ ತನ್ನ ಒಸಿಎಕ್ಸ್ ಎಂಬ ಘಟಕದ ಫೈಲನ್ನು ನೋಂದಾಯಿಸಿದ ಕೂಡಲೇ ಇನ್ನೊಂದು ಪ್ರೋಗ್ರಾಮ್ ತೆರೆಯುವುದೇ ಇಲ್ಲ. ಇದಕ್ಕೆ ಎಲ್ಲರೂ ಮಾಡುವ ಉಪಾಯವೆಂದರೆ ಜಗಳವಾಡುವವರನ್ನು ಬೇರೆ ಸಂಸಾರ ಹೂಡಿಸುವುದು: ಒಂದು ಗುಂಪಿನ ಅಪ್ಲಿಕೇಶನ್‌ಗೆ ಮೂರು ಸರ್ವರ್, ಇನ್ನೊಂದಕ್ಕೆ ಮತ್ತೆ ಮೂರು. ಇವಕ್ಕೆ ಸೈಲೋ ಎನ್ನುತ್ತಾರೆ.

ಸೈಲೋಗಳ ಖರ್ಚು ಕಾಣುವುದು ಮೀಸಲು ಸರ್ವರುಗಳಲ್ಲಿ. ನಾಲ್ಕು ಸೈಲೋ, ತಲಾ ಮೂರು ಸರ್ವರ್, ಒಟ್ಟು 12. ಪ್ರತಿ ಸೈಲೋದಲ್ಲೂ ಒಂದು ಕೆಟ್ಟರೆ ಇರಲಿ ಎಂದು ಒಂದು ಹೆಚ್ಚುವರಿ. ಅಂದರೆ ದುಡಿಯುವುದು 8, ಕಾದು ಕೂತಿರುವುದು 4. ಎಲ್ಲ ಅಪ್ಲಿಕೇಶನ್‌ಗಳೂ ಎಲ್ಲ ಸರ್ವರುಗಳಲ್ಲೂ ಇರುವಂತಾದರೆ ಎಂಟಕ್ಕೆ ಒಂದೋ ಎರಡೋ ಮೀಸಲು ಸಾಕು. ಸಂಬಳದ ತಂತ್ರಾಂಶ ತಿಂಗಳ ಕೊನೆಯ ನಾಲ್ಕು ದಿನ ಬಿಸಿ, ಉಳಿದ ದಿನ ತಣ್ಣಗಿದ್ದರೆ ಎಂಟೂ ಬೇಕಾಗಲಿಕ್ಕಿಲ್ಲ.

ಈ ರೋಗಕ್ಕೆ 64 ಬಿಟ್ ಮದ್ದಲ್ಲ. ಎರಡು ಜಾವಾ ಆವೃತ್ತಿಗಳು 32 ಬಿಟ್‌ನಲ್ಲಿ ಕಿತ್ತಾಡಿದಂತೆಯೇ 64 ಬಿಟ್‌ನಲ್ಲೂ ಕಿತ್ತಾಡುತ್ತವೆ. ಇಲ್ಲಿ ಬೇಕಾಗುವುದು ಅಪ್ಲಿಕೇಶನ್ ವರ್ಚುವಲೈಸೇಶನ್. ಮೈಕ್ರೋಸಾಫ್ಟ್ 2006ರಲ್ಲಿ ಸಾಫ್ಟ್ರಿಸಿಟಿ ಎಂಬ ಕಂಪನಿಯನ್ನು ಕೊಂಡಾಗ ಸಾಫ್ಟ್‌ಗ್ರಿಡ್ ಎಂಬ ಹೆಸರಲ್ಲಿ ಬಂದದ್ದೇ ಮುಂದೆ ಆಪ್-ವಿ ಆಯಿತು. ಹಿಂದೆ ವಿಎಂವೇರ್‌ನದಾಗಿದ್ದ ಥಿನ್‌ಆಪ್ ಕೂಡ ಇದೇ ಜಾತಿಯದು. ಸೀಕ್ವೆನ್ಸರ್ ಎಂಬ ಸಾಧನ ಇನ್‌ಸ್ಟಾಲ್ ಆಗುವಾಗ ಬೀಳುವ ಫೈಲು, ರಿಜಿಸ್ಟ್ರಿ ನಮೂದುಗಳನ್ನೆಲ್ಲ ಹಿಡಿದು ಒಂದು ಪ್ಯಾಕೇಜ್ ಮಾಡುತ್ತದೆ. ಓಡಿಸುವಾಗ ಪ್ರೋಗ್ರಾಮಿಗೆ ಸರ್ವರಿನ ನಿಜವಾದ ರಿಜಿಸ್ಟ್ರಿಯ ಮೇಲೆ ತನ್ನದೊಂದು ಪದರ ಹೊದಿಸಿದಂತೆ ಕಾಣುತ್ತದೆ. ಪಕ್ಕದ ಪ್ರೋಗ್ರಾಮಿಗೆ ಆ ಪದರ ಕಾಣುವುದಿಲ್ಲ. ಬಳಸುವವರು ಇದನ್ನು ಬಬಲ್ ಎಂದು ಕರೆಯುತ್ತಾರೆ.

ಒಂದು ಕಾಲದಲ್ಲಿ ಇವೆರಡರ ನಡುವೆ ನಿಜವಾಗಿಯೂ ಒಂದನ್ನೇ ಆರಿಸಬೇಕಿತ್ತು. ಆಪ್-ವಿ ಕ್ಲೈಂಟ್ 64 ಬಿಟ್ ವಿಂಡೋಸ್ ಮೇಲೆ ಓಡಲು ಶುರುವಾದದ್ದು 2010ರ 4.6 ಆವೃತ್ತಿಯಿಂದ. ಅದಕ್ಕೂ ಮೊದಲು ಎಕ್ಸ್64ಗೆ ಹೋದವರು ಅದನ್ನು ಬಿಡಬೇಕಾಗಿತ್ತು. "ಇದೋ ಅದೋ" ಎಂಬ ಪ್ರಶ್ನೆ ಆ ದಿನಗಳ ಪಳೆಯುಳಿಕೆ. ಈಗ ಕ್ಲೈಂಟ್ ವಿಂಡೋಸ್ ಸರ್ವರ್ 2016ರಿಂದ ಒಳಗೇ ಇರುತ್ತದೆ, ಸಕ್ರಿಯಗೊಳಿಸಿದರೆ ಸಾಕು. ಆಪ್-ವಿಯ ಪ್ರತ್ಯೇಕ ಸರ್ವರ್ ಭಾಗಕ್ಕೆ ಮಾತ್ರ ಮೈಕ್ರೋಸಾಫ್ಟ್ ಇಟ್ಟ ಗಡುವು 2026ರ ಏಪ್ರಿಲ್. ಆದ್ದರಿಂದ ಹೊಸದಾಗಿ ಶುರು ಮಾಡುವವರು ಆ ಭಾಗದ ಮೇಲೆ ಮನೆ ಕಟ್ಟಬಾರದು. ಪ್ಯಾಕೇಜುಗಳನ್ನು ಸ್ಕ್ರಿಪ್ಟ್ ಮೂಲಕವೇ ಸರ್ವರುಗಳಿಗೆ ಸೇರಿಸಬಹುದು.

ಮೊದಲು ಅಳತೆ

ಯಾವ ರೋಗ ಎಂದು ಪತ್ತೆ ಹಚ್ಚಲು ಹಣ ಬೇಡ, ವಿಂಡೋಸ್ ಜೊತೆಗೇ ಬರುವ ಅಳತೆಯ ಸಾಧನ ಪರ್ಫ್‌ಮಾನ್ ಸಾಕು. 30 ಸೆಕೆಂಡಿಗೊಮ್ಮೆ ದಾಖಲಿಸುವಂತೆ ಹೊಂದಿಸಿ, ತಿಂಗಳ ಕೊನೆಯ ವಾರವೂ ಒಳಗೆ ಬರುವಂತೆ ಕನಿಷ್ಠ ಹತ್ತು ದಿನ ಬಿಡಿ. ಬೇಕಾದ ಕೌಂಟರುಗಳು: ಉಳಿದಿರುವ ಸಿಸ್ಟಮ್ ಪಿಟಿಇ, ಪೇಜ್ಡ್ ಮತ್ತು ನಾನ್‌ಪೇಜ್ಡ್ ಪೂಲ್ ಬೈಟುಗಳು, ಲಭ್ಯ ಮೆಮೊರಿ, ಪ್ರೊಸೆಸರ್ ಬಳಕೆ ಮತ್ತು ಕ್ಯೂ, ಡಿಸ್ಕ್ ಓದಲು ಹಿಡಿಯುವ ಸರಾಸರಿ ಸಮಯ, ಜೊತೆಗೆ ಸಕ್ರಿಯ ಸೆಷನ್‌ಗಳ ಸಂಖ್ಯೆ. ಕೊನೆಯದನ್ನು ಮರೆತರೆ ಉಳಿದ ಯಾವ ಅಂಕಿಯೂ ಮಾತಾಡುವುದಿಲ್ಲ.

ಓದುವ ಬಗೆ ಹೀಗೆ. ಯಾರೂ ಇಲ್ಲದಾಗ ಪೇಜ್ಡ್ ಪೂಲ್ 120 ಎಂಬಿ, 40 ಜನ ಇದ್ದಾಗ 280 ಎಂಬಿ ಇದೆ ಎಂದಿಟ್ಟುಕೊಳ್ಳಿ. ತಲೆಗೆ 4 ಎಂಬಿ. 470ರ ಮಿತಿಗೆ ಇನ್ನೂ 190 ಇದೆ, ಅಂದರೆ ಸುಮಾರು 47 ಜನ. ಪೂಲ್ ದೃಷ್ಟಿಯಿಂದ ಈ ಸರ್ವರಿಗೆ ಕರ್ನಲ್ ರೋಗ ಇಲ್ಲ. ಉಳಿದಿರುವ ಸಿಸ್ಟಮ್ ಪಿಟಿಇ 10,000ಕ್ಕಿಂತ ಕೆಳಗಿಳಿದರೆ ಎಚ್ಚರ, 5,000 ಎಂದರೆ ಹತ್ತಿರ ಬಂತು. ಡಿಸ್ಕ್ ಓದಿಗೆ 25 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದ್ದರೆ ಬೇರೆ ವಿಚಾರ ಬಿಟ್ಟು ಡಿಸ್ಕ್ ಬದಲಿಸಿ. ಬೆಳಗ್ಗೆ ಹತ್ತಕ್ಕೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುವಾಗಿನ ಗೋಳಿಗೆ ಬಹುಪಾಲು ಕಾರಣ ಪ್ರೊಫೈಲ್ ಓದುವ ಡಿಸ್ಕು. ಅದಕ್ಕೆ 64 ಬಿಟ್ಟೂ ಬೇಡ, ಪ್ಯಾಕೇಜೂ ಬೇಡ, ಎಸ್‌ಎಸ್‌ಡಿ ಸಾಕು.

ಇನ್ನೊಂದು ಬಲೆ ಇದೆ. ರಾತ್ರಿ ಎಲ್ಲರೂ ಲಾಗ್ಆಫ್ ಆದ ಮೇಲೂ ಪೂಲ್ ಸಂಖ್ಯೆ ಕೆಳಗಿಳಿಯದೆ ದಿನದಿನಕ್ಕೂ ಏರುತ್ತಿದ್ದರೆ ಅದು ಜನಜಂಗುಳಿಯಲ್ಲ, ಯಾವುದೋ ಡ್ರೈವರ್‌ನ ಸೋರಿಕೆ. ಪೂಲ್‌ಮಾನ್ ಎಂಬ ಸಾಧನ ನಾಲ್ಕಕ್ಷರದ ಟ್ಯಾಗ್ ಸಮೇತ ಯಾರು ಎಷ್ಟು ಹಿಡಿದಿದ್ದಾರೆ ತೋರಿಸುತ್ತದೆ. ಆಂಟಿವೈರಸ್ ಅಥವಾ ಪ್ರಿಂಟರ್ ಡ್ರೈವರ್ ಮೇಲೆ ಮೊದಲ ಅನುಮಾನ ಇರಲಿ. ಸೋರುವ ಡ್ರೈವರನ್ನೇ 64 ಬಿಟ್‌ಗೂ ಒಯ್ದರೆ ವಾರಕ್ಕೊಮ್ಮೆ ಬೀಳುತ್ತಿದ್ದ ಸರ್ವರ್ ಹಲವು ತಿಂಗಳಿಗೊಮ್ಮೆ ಬೀಳುತ್ತದೆ. ಆಗ ಕಾರಣ ಹುಡುಕುವುದು ಇನ್ನೂ ಕಷ್ಟ.

64 ಬಿಟ್‌ಗೆ ಹೋಗುವಾಗ ಮುರಿಯುವ ಸಂಗತಿಗಳು

32ರಿಂದ 64 ಬಿಟ್‌ಗೆ ಇದ್ದಲ್ಲೇ ಅಪ್‌ಗ್ರೇಡ್ ಇಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. 32 ಬಿಟ್ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ವಾವ್64 ಎಂಬ ಪದರದ ಮೂಲಕ ಹಾಗೇ ಓಡುತ್ತವೆ. ವಿಬಿ6ನಲ್ಲಿ ಬರೆದವೂ ಓಡುತ್ತವೆ. ಓಡದೇ ಇರುವುದು ಡ್ರೈವರುಗಳು. ಕರ್ನಲ್ ಡ್ರೈವರ್ ಎಲ್ಲವೂ 64 ಬಿಟ್ ಆಗಿರಬೇಕು, ಸರ್ವರ್ 2008ರಿಂದ ಡಿಜಿಟಲ್ ಸಹಿಯೂ ಇರಬೇಕು. ಲೈಸೆನ್ಸ್‌ಗಾಗಿ ಯುಎಸ್‌ಬಿ ಡಾಂಗಲ್ ಕೇಳುವ ತಂತ್ರಾಂಶ ನಿಮ್ಮಲ್ಲಿದ್ದರೆ, ಆ ಡಾಂಗಲ್‌ಗೆ 64 ಬಿಟ್ ಡ್ರೈವರ್ ಇದೆಯೇ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಸರ್ವರ್ ಆರ್ಡರ್ ಮಾಡಬೇಡಿ.

ಎರಡನೆಯದು, 64 ಬಿಟ್ ಪ್ರೋಸೆಸ್ ತನ್ನೊಳಗೆ 32 ಬಿಟ್ ಡಿಎಲ್‌ಎಲ್ (ಪ್ರೋಗ್ರಾಮುಗಳು ಎರವಲು ಬಳಸುವ ಕೋಡ್ ಫೈಲು) ಸೇರಿಸಿಕೊಳ್ಳದು. ಎಕ್ಸೆಲ್‌ಗೆ ಹಳೆಯ ಆಡ್-ಇನ್ ಇದ್ದರೆ 64 ಬಿಟ್ ವಿಂಡೋಸ್ ಮೇಲೆ 32 ಬಿಟ್ ಆಫೀಸನ್ನೇ ಹಾಕಿ. ಕನ್ನಡ ಟೈಪಿಂಗ್‌ನಲ್ಲೂ ಇದೇ ಕಾಡಬಹುದು. ಕೀಲಿಮಣೆಯ ಒತ್ತುಗಳನ್ನು ಹಿಡಿಯಲು ಪ್ರತಿ ಪ್ರೋಗ್ರಾಮಿನೊಳಗೂ ತನ್ನ 32 ಬಿಟ್ ಡಿಎಲ್‌ಎಲ್ ನುಗ್ಗಿಸುವ ಹಳೆಯ ತಂತ್ರಾಂಶವಾದರೆ, 32 ಬಿಟ್ ವರ್ಡ್‌ನಲ್ಲಿ ಕನ್ನಡ ಮೂಡುತ್ತದೆ, 64 ಬಿಟ್ ನೋಟ್‌ಪ್ಯಾಡ್‌ನಲ್ಲಿ ಇಂಗ್ಲಿಷೇ ಬೀಳುತ್ತದೆ. ಅದನ್ನು ಬಬಲ್‌ನೊಳಗೆ ಪ್ಯಾಕ್ ಮಾಡುವುದೂ ಪರಿಹಾರವಲ್ಲ; ಎಲ್ಲ ಪ್ರೋಗ್ರಾಮುಗಳಿಗೂ ಮುಟ್ಟಬೇಕಾದ್ದನ್ನು ಗೋಡೆಯೊಳಗೆ ಕೂರಿಸಿದಂತಾಗುತ್ತದೆ. ಯೂನಿಕೋಡ್ ಕೀಲಿಮಣೆಗೆ ಬದಲಾಗುವುದೇ ನೇರ ದಾರಿ.

ಮೂರನೆಯದು ಓಡಿಬಿಸಿ, ಅಂದರೆ ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ವ್ಯವಸ್ಥೆ. 32 ಬಿಟ್ ಪ್ರೋಗ್ರಾಮಿಗೆ ಬೇಕಾದ, ಡೇಟಾಬೇಸ್ ಸಂಪರ್ಕದ ನಮೂದಾದ ಡಿಎಸ್‌ಎನ್‌ ಅನ್ನು 32 ಬಿಟ್ ಓಡಿಬಿಸಿ ಸಾಧನದಲ್ಲೇ ಮಾಡಬೇಕು. ಅದು ಇರುವುದು ಸಿಸ್‌ವಾವ್64 ಫೋಲ್ಡರಿನಲ್ಲಿ. 64 ಬಿಟ್‌ನದು ಇರುವುದು ಸಿಸ್ಟಮ್32ರಲ್ಲಿ. ಹೌದು, ಹೆಸರು ಅದಲುಬದಲಾಗಿದೆ, ಎರಡು ಫೈಲಿನ ಹೆಸರೂ ಒಂದೇ. ಮೈಕ್ರೋಸಾಫ್ಟ್ ಹಾಗೇ ಬಿಟ್ಟಿದೆ. ಆಕ್ಸೆಸ್ ಡೇಟಾಬೇಸ್‌ಗೆ ಜೆಟ್ 4.0 ಎಂಬ ಎಂಜಿನ್ ಬಳಸುವ ವೆಬ್ ಅಪ್ಲಿಕೇಶನ್ ಇದ್ದರೆ, ವಿಂಡೋಸಿನ ವೆಬ್ ಸರ್ವರ್ ಆದ ಐಐಎಸ್‌ನಲ್ಲಿ ಆ ಅಪ್ಲಿಕೇಶನ್ ಪೂಲ್‌ಗೆ 32 ಬಿಟ್ ಅನುಮತಿ ಕೊಡಬೇಕು. ಜೆಟ್‌ನ 64 ಬಿಟ್ ರೂಪ ಬರಲೇ ಇಲ್ಲ.

ಪ್ರೊಫೈಲುಗಳ ವಿಚಾರವನ್ನು ಬಹಳ ಜನ ಕೊನೆಯ ರಾತ್ರಿ ಕಂಡುಕೊಳ್ಳುತ್ತಾರೆ. ಸರ್ವರ್ 2003ರ ರೋಮಿಂಗ್ ಪ್ರೊಫೈಲ್ (ಯಾವ ಸರ್ವರಿಗೆ ಲಾಗಿನ್ ಆದರೂ ಬಳಕೆದಾರರ ಹಿಂದೆಯೇ ಬರುವ ಅವರ ಸೆಟ್ಟಿಂಗ್, ಫೈಲುಗಳು) 2008ಕ್ಕೆ ಹೊಂದುವುದಿಲ್ಲ. ಸರ್ವರ್ 2008 ವಿ2 ಎಂಬ ಬಾಲದೊಂದಿಗೆ ಹೊಸ ಫೋಲ್ಡರ್ ಮಾಡುತ್ತದೆ. 2016ಕ್ಕೆ ಬರುವಷ್ಟರಲ್ಲಿ ಅದು ವಿ6. ಹಳೆ, ಹೊಸ ಸರ್ವರುಗಳು ಜೊತೆಗೆ ಓಡುವ ವಾರಗಳಲ್ಲಿ ಒಬ್ಬರಿಗೆ ಎರಡು ಪ್ರೊಫೈಲ್ ಇರುತ್ತವೆ. ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಫೋಲ್ಡರುಗಳನ್ನು ಮೊದಲೇ ಫೈಲ್ ಸರ್ವರಿಗೆ ತಿರುಗಿಸಿಟ್ಟರೆ "ನನ್ನ ಫೈಲ್ ಎಲ್ಲಿ ಹೋಯಿತು" ಎಂಬ ಫೋನು ಬರುವುದಿಲ್ಲ.

ಪ್ಯಾಕೇಜ್ ಕಟ್ಟುವಾಗ

ಸೀಕ್ವೆನ್ಸಿಂಗ್‌ಗೆ ಒಂದು ಶುದ್ಧ ವರ್ಚುವಲ್ ಯಂತ್ರ ಇಟ್ಟುಕೊಳ್ಳಿ. ಅದರ ವಿಂಡೋಸ್ ಆವೃತ್ತಿ ಮುಂದೆ ಓಡಿಸುವ ಸರ್ವರಿನದೇ ಆಗಿರಲಿ. ವಿಂಡೋಸ್ ಅಪ್‌ಡೇಟ್, ಡಿಫೆಂಡರ್, ಸರ್ಚ್ ಸೇವೆಗಳನ್ನು ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆಯಿರಿ. ಇಲ್ಲವಾದರೆ ಅವು ಹಿನ್ನೆಲೆಯಲ್ಲಿ ಬರೆದದ್ದೂ ಪ್ಯಾಕೇಜಿನೊಳಗೆ ಸೇರಿಕೊಳ್ಳುತ್ತದೆ. ಇನ್‌ಸ್ಟಾಲ್ ಆದ ಮೇಲೆ ಸೀಕ್ವೆನ್ಸರ್ ಇನ್ನೂ ನೋಡುತ್ತಿರುವಾಗಲೇ ಪ್ರೋಗ್ರಾಮನ್ನು ಎರಡು ಸಲ ತೆರೆದು ಮುಚ್ಚಿ, ಅದರ ಸ್ವಯಂ ಅಪ್‌ಡೇಟ್ ಆಫ್ ಮಾಡಿ. ಮುಗಿದ ಮೇಲೆ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿ. ಒಂದು ಪ್ಯಾಕೇಜಿನ ಕಸ ಉಳಿದ ಯಂತ್ರದಲ್ಲೇ ಎರಡನೆಯದನ್ನು ಕಟ್ಟಿದರೆ, ಸರ್ವರಿನಲ್ಲಿ ಓಡದಿದ್ದಾಗ ಏನು ಬಿಟ್ಟುಹೋಗಿದೆ ಎಂದು ತಿಳಿಯುವುದೇ ಇಲ್ಲ.

ಸ್ವಯಂ ಅಪ್‌ಡೇಟ್ ನಿಲ್ಲಿಸಲು ಕಾರಣವಿದೆ. ಬಬಲ್‌ನೊಳಗಿನ ಪ್ರೋಗ್ರಾಮ್ ಫೈಲ್ ಬರೆಯಲು ಹೋದರೆ ಆಪ್-ವಿ ಅದನ್ನು ಬಳಕೆದಾರರ ಪ್ರೊಫೈಲಿಗೆ ತಿರುಗಿಸುತ್ತದೆ. ಆದರೆ ಇಎಕ್ಸ್‌ಇ, ಡಿಎಲ್‌ಎಲ್ ಮುಂತಾದ ಜಾತಿಯ ಫೈಲುಗಳಿಗೆ ಈ ಸವಲತ್ತು ಇಲ್ಲ. ತನ್ನನ್ನು ತಾನೇ ನವೀಕರಿಸಿಕೊಳ್ಳುವ ಪ್ರೋಗ್ರಾಮ್ ಅಲ್ಲೇ ಎಡವುತ್ತದೆ. ತೆರಿಗೆ ದರ ಬದಲಾದಾಗಲೆಲ್ಲ, ಕೆಲವೊಮ್ಮೆ ವಾರಕ್ಕೊಂದು ಪ್ಯಾಚ್ ಬರುವ ತಂತ್ರಾಂಶವನ್ನು ಪ್ಯಾಕೇಜ್ ಮಾಡಲು ಹೋಗಬೇಡಿ. ಪ್ರತಿ ಪ್ಯಾಚಿಗೂ ಮತ್ತೆ ಸೀಕ್ವೆನ್ಸ್ ಮಾಡಬೇಕು. ಡ್ರೈವರ್, ಆಂಟಿವೈರಸ್, ವಿಂಡೋಸಿನದೇ ಭಾಗಗಳು ಪ್ಯಾಕೇಜಿಗೆ ಸೇರವು. ಡಾಂಗಲ್ ಇರುವ ತಂತ್ರಾಂಶವಾದರೆ ಡ್ರೈವರ್ ಸರ್ವರಿನ ಮೇಲೆ, ಪ್ರೋಗ್ರಾಮ್ ಪ್ಯಾಕೇಜಿನೊಳಗೆ.

ಒಂದಕ್ಕೊಂದು ಮಾತಾಡಬೇಕಾದ ಪ್ಯಾಕೇಜುಗಳನ್ನು ಕನೆಕ್ಷನ್ ಗ್ರೂಪ್ ಮೂಲಕ ಒಂದೇ ಬಬಲ್‌ಗೆ ತರಬಹುದು. ಟರ್ಮಿನಲ್ ಸರ್ವರಿನಲ್ಲಿ ಪ್ಯಾಕೇಜುಗಳನ್ನು ಬಳಕೆದಾರರಿಗೆ ಒಂದೊಂದಾಗಿ ಅಲ್ಲ, ಇಡೀ ಸರ್ವರಿಗೆ ಪ್ರಕಟಿಸಿ. 30 ಪ್ಯಾಕೇಜ್ ಪ್ರತಿ ಲಾಗಿನ್‌ನಲ್ಲೂ ಪ್ರಕಟವಾಗುತ್ತ ಕೂತರೆ ಬೆಳಗಿನ ಹತ್ತು ಗಂಟೆಯ ಗೋಳು ದುಪ್ಪಟ್ಟಾಗುತ್ತದೆ.

ಎರಡೂ ರೋಗ ಇದ್ದವರು ಮೊದಲು 64 ಬಿಟ್ ಸರ್ವರ್ ಎಬ್ಬಿಸಿ, ಆಮೇಲೆ ಅದರ ಮೇಲೆ ಓಡುವ ಪ್ಯಾಕೇಜುಗಳನ್ನು ಕಟ್ಟಲಿ. ತಿರುಗಿಸಿ ಮಾಡಿದರೆ ಎಲ್ಲ ಪ್ಯಾಕೇಜನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು, ಕೆಲವನ್ನು ಇನ್ನೊಮ್ಮೆ ಕಟ್ಟಬೇಕು. ಎಲ್ಲ ಅಪ್ಲಿಕೇಶನ್‌ಗೂ ಪ್ಯಾಕೇಜ್ ಬೇಕಿಲ್ಲ. ಆಫೀಸು, ಬ್ರೌಸರು, ಪಿಡಿಎಫ್ ಓದುಗ ನೇರವಾಗಿ ಸರ್ವರಿನಲ್ಲಿರಲಿ. ಜಗಳಗಂಟರನ್ನು ಮಾತ್ರ ಬಬಲ್‌ಗೆ ಹಾಕಿ. ಹಾಗೆಯೇ, 64 ಬಿಟ್‌ನಲ್ಲಿ ಒಂದೇ ಯಂತ್ರಕ್ಕೆ 200 ಜನರನ್ನು ಹತ್ತಿಸಬಹುದು ಎಂದಾದರೂ ಹತ್ತಿಸಬೇಡಿ. ಆ ಯಂತ್ರವನ್ನು, ಒಂದರೊಳಗೆ ಹಲವು ವರ್ಚುವಲ್ ಯಂತ್ರ ನಡೆಸುವ ಹೈಪರ್-ವಿ ಮೂಲಕ ನಾಲ್ಕು ಪಾಲು ಮಾಡಿ. ನೀಲಿ ಪರದೆ ಬಂದರೆ 50 ಜನರ ಕೆಲಸ ಮಾತ್ರ ನಿಲ್ಲುತ್ತದೆ.

ಸಭಿಕರ ಪ್ರಶ್ನೆ: ಡಾಸ್ ಕಾಲದ ಡೇಟಾಬೇಸ್ ತಂತ್ರಾಂಶ ಫಾಕ್ಸ್‌ಪ್ರೋದಲ್ಲಿ ಬರೆದ ಪ್ರೋಗ್ರಾಮನ್ನು ಪ್ಯಾಕೇಜ್ ಮಾಡಿ 64 ಬಿಟ್‌ನಲ್ಲಿ ಓಡಿಸಬಹುದೇ?

ಆಗದು. ಬಬಲ್‌ನೊಳಗೆ ಫೈಲು, ರಿಜಿಸ್ಟ್ರಿ ಇರುತ್ತವೆ, ವಿಂಡೋಸ್ ಇರುವುದಿಲ್ಲ. ಪ್ರೊಸೆಸರ್ 64 ಬಿಟ್ ಸ್ಥಿತಿಗೆ ಹೋದಾಗ, ಡಾಸ್ ಪ್ರೋಗ್ರಾಮುಗಳು ಆಧರಿಸಿದ್ದ ವರ್ಚುವಲ್ 8086 ಸ್ಥಿತಿಯೇ ಇರುವುದಿಲ್ಲ. 16 ಬಿಟ್ ವಿಂಡೋಸ್ ಪ್ರೋಗ್ರಾಮುಗಳಿಗೆ ಅಡ್ಡಿ ಬೇರೆ: 64 ಬಿಟ್ ವಿಂಡೋಸಿನ ಹ್ಯಾಂಡಲ್‌ಗಳಲ್ಲಿ 32 ಬಿಟ್ ಅರ್ಥವುಳ್ಳವು, ಅವನ್ನು 16ಕ್ಕೆ ಕತ್ತರಿಸಿದರೆ ಮಾಹಿತಿ ಹೋಗುತ್ತದೆ. ಕೆಲವು 32 ಬಿಟ್ ತಂತ್ರಾಂಶಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್ ಆಗಿರುವುದುಂಟು, ಅದನ್ನೂ ನೋಡಿಕೊಳ್ಳಿ.

ದಾರಿ ಎರಡು. ಡಾಸ್‌ಬಾಕ್ಸ್‌ನಂಥ ಅನುಕರಣೆ ಒಂದು. ಪ್ರೊಸೆಸರನ್ನೇ ತಂತ್ರಾಂಶದಲ್ಲಿ ನಟಿಸುವುದರಿಂದ 64 ಬಿಟ್ ಮೇಲೂ ಓಡುತ್ತದೆ. ಇನ್ನೊಂದು, ಹೈಪರ್-ವಿ ಮೇಲೆ 32 ಬಿಟ್ ವಿಂಡೋಸ್ 10ರ ಅತಿಥಿ ಯಂತ್ರ. ಅದನ್ನು ಜನರೇಶನ್ 1 ಆಗಿ ಮಾಡಬೇಕು. ಜನರೇಶನ್ 2 ಯಂತ್ರ 32 ಬಿಟ್ ವಿಂಡೋಸ್ ಹಿಡಿಯದು. ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ, 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಆ ಯಂತ್ರಕ್ಕೆ ಇಂಟರ್ನೆಟ್ ಕೊಡಬೇಡಿ. ಒಳಗಿನ ಸ್ವಿಚ್ಚಿಗೆ ಮಾತ್ರ ಜೋಡಿಸಿ. 16 ಬಿಟ್ ಪ್ರೋಗ್ರಾಮನ್ನು ಮೊದಲ ಸಲ ತೆರೆದಾಗ ಎನ್‌ಟಿವಿಡಿಎಂ ಘಟಕವನ್ನು ಇಳಿಸಿಕೊಳ್ಳಲೇ ಎಂದು ವಿಂಡೋಸ್ ಕೇಳುತ್ತದೆ. ಆ ಕೆಲಸವನ್ನು ನೆಟ್ ಕೀಳುವ ಮೊದಲೇ ಮುಗಿಸಿ.

ಫಾಕ್ಸ್‌ಪ್ರೋದ ಡೇಟಾ ಇರುವ ಡಿಬಿಎಫ್ ಫೈಲುಗಳನ್ನು ಅದೇ ಯಂತ್ರದ ಡಿಸ್ಕಿನಲ್ಲಿಡಿ. ಹಂಚಿಕೊಂಡ ಫೋಲ್ಡರಿನಲ್ಲಿಟ್ಟರೆ ನೆಟ್‌ವರ್ಕ್ ಫೈಲ್ ಲಾಕಿಂಗ್‌ನಿಂದ ಇಂಡೆಕ್ಸ್ ಕೆಡುತ್ತದೆ. ಬಿಲ್ಲು ಡಾಟ್ ಮ್ಯಾಟ್ರಿಕ್ಸ್‌ನಲ್ಲೇ ಬರಬೇಕಾದರೆ ಆ ಪ್ರಿಂಟರಿಗೆ ಜನರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್ ಹಾಕಿ, ಹಂಚಿಕೆ ಮಾಡಿ, ನೆಟ್ ಯೂಸ್ ಆದೇಶದಿಂದ ಎಲ್‌ಪಿಟಿ1ಕ್ಕೆ ಜೋಡಿಸಿ. ರಿಮೋಟ್ ಡೆಸ್ಕ್‌ಟಾಪ್‌ನ ಈಸಿ ಪ್ರಿಂಟ್ ಮೂಲಕ ಕಳಿಸಿದರೆ ಪುಟ ಚಿತ್ರವಾಗಿ ಹೋಗುತ್ತದೆ, ಒಂದೊಂದು ಸಾಲಿಗೂ ಸೂಜಿ ಎರಡು ಮೂರು ಸಲ ಅತ್ತಿತ್ತ ಓಡುತ್ತದೆ, ರಿಬ್ಬನ್ನೂ ಬೇಗ ಸವೆಯುತ್ತದೆ.